ಕಾರಣ ತಿಳಿಯದು

ಇಲ್ಲಿನ ಕನ್ನಡ ಕೂಟದ ಯುಗಾದಿ ಊಟದಲ್ಲಿ ಯಾರಾದರೂ 'ನೀವು ಏನು ಡಾಕ್ಟರು?' ಎಂದರೆ 'ಮಕ್ಕಳಾಗದವರ ಡಾಕ್ಟರು' ಎನ್ನುತ್ತೇನೆ. ಒಂದು ಕ್ಷಣ ಮೌನ. ಆಮೇಲೆ ಮಾತು ಒಬ್ಬಟ್ಟಿನ ಹೂರಣಕ್ಕೋ ಬೆಂಗಳೂರಿನ ಟ್ರಾಫಿಕ್ಕಿಗೋ ಹೊರಳುತ್ತದೆ. ಹೊರಡುವಾಗ ಮಾತ್ರ, ಚಪ್ಪಲಿ ಹುಡುಕುವ ನೆವದಲ್ಲಿ ಯಾವುದೋ ಹುಡುಗಿ ಪಕ್ಕಕ್ಕೆ ಬಂದು 'ಅಕ್ಕಾ, ನಿಮ್ಮ ನಂಬರ್ ಕೊಡ್ತೀರಾ?' ಎನ್ನುತ್ತಾಳೆ.

ಮೈಸೂರು ಮೆಡಿಕಲ್ ಕಾಲೇಜಿನಲ್ಲಿದ್ದಾಗ ಈ ದಾರಿ ಕನಸಿನಲ್ಲೂ ಇರಲಿಲ್ಲ. ಚೆಲುವಾಂಬ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹಗಲು ರಾತ್ರಿ ಮಕ್ಕಳು ಹುಟ್ಟುತ್ತಲೇ ಇದ್ದವು. ಹುಟ್ಟದ ಮಕ್ಕಳ ಬಗ್ಗೆ ಯೋಚಿಸಲು ಯಾರಿಗೆ ಪುರುಸೊತ್ತು? ಆದರೆ ಮನೆಯಲ್ಲಿ ದೊಡ್ಡಮ್ಮ ಇದ್ದರು. ಮನೆತನದಲ್ಲಿ ಯಾರ ಸೀಮಂತವಾದರೂ ಅಡುಗೆಯೆಲ್ಲ ಅವರದೇ. ಆರತಿ ತಟ್ಟೆ ಮಾತ್ರ ಅವರ ಕೈಗೆ ಬರುತ್ತಿರಲಿಲ್ಲ. ಹರಕೆ, ನಾಗರ ಪ್ರತಿಷ್ಠೆ, ನಾಟಿ ಔಷಧಿ ಎಲ್ಲ ಆದವು. ದೊಡ್ಡಪ್ಪನಿಗೂ ಒಂದು ಪರೀಕ್ಷೆ ಮಾಡಿಸೋಣ ಎಂದು ಮಾತ್ರ ಯಾರೂ ಅನ್ನಲಿಲ್ಲ. ತೊಂದರೆ ಗಂಡಸಿನಲ್ಲೂ ಅಷ್ಟೇ ಸಾಮಾನ್ಯ ಎಂದು ಪಠ್ಯಪುಸ್ತಕದಲ್ಲಿ ಓದಿದ ದಿನ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅಮೆರಿಕಕ್ಕೆ ಬಂದು 4 ವರ್ಷ ರೆಸಿಡೆನ್ಸಿ, 3 ವರ್ಷ ಫೆಲೋಶಿಪ್ ಮುಗಿಸಿದೆ. ಫೆಲೋಶಿಪ್ಪಿನ ಅರ್ಧ ಕಾಲ ಪ್ರಯೋಗಾಲಯದಲ್ಲಿ, ಇಲಿಯ ಭ್ರೂಣಗಳ ಮುಂದೆ ಕಳೆಯಿತು. ಅಲ್ಲಿಂದ ಮುಂದೆ ಯೂನಿವರ್ಸಿಟಿ ಆಸ್ಪತ್ರೆಯಲ್ಲೇ ಉಳಿದೆ. ಬೆಳಿಗ್ಗೆ ರೋಗಿಗಳು, ಮಧ್ಯಾಹ್ನ ಪಾಠ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಗ್ರ್ಯಾಂಟ್ ಅರ್ಜಿ. ಮಾನವ ಭ್ರೂಣ ನಾಶವಾಗುವ ಸಂಶೋಧನೆಗೆ 1996ರಿಂದ ಇಲ್ಲಿನ ಫೆಡರಲ್ ಸರ್ಕಾರದ ಹಣ ಸಿಗುವುದಿಲ್ಲ. ಹಾಗಾಗಿ ನಮ್ಮದು ಬರಗಾಲದ ಬೇಸಾಯ.

ಹೊಸದಾಗಿ ಬಂದ ಪ್ರತಿ ಫೆಲೋಗೂ ನಮ್ಮ ವಂಶದ ಕಥೆ ಹೇಳುತ್ತೇನೆ. 1971ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಎಡ್ವರ್ಡ್ಸ್ ಮತ್ತು ಸ್ಟೆಪ್‌ಟೋ ಅವರಿಗೆ ಹಣ ಕೊಡಲು ನಿರಾಕರಿಸಿತು. 1978ರ ಜುಲೈ 25ರಂದು ಅವರ ಕೈಯಲ್ಲೇ ಲೂಯಿಸ್ ಬ್ರೌನ್ ಹುಟ್ಟಿದಳು. ಎಡ್ವರ್ಡ್ಸ್ ಅವರಿಗೆ ನೊಬೆಲ್ ಬರುವಷ್ಟರಲ್ಲಿ 2010 ಆಗಿತ್ತು. ಜೊತೆಗೆ ದುಡಿದ ಸ್ಟೆಪ್‌ಟೋ, ಜೀನ್ ಪರ್ಡಿ ಇಬ್ಬರೂ ಇರಲಿಲ್ಲ. ಜಾನ್ಸ್ ಹಾಪ್ಕಿನ್ಸ್‌ನಿಂದ ನಿವೃತ್ತರಾದ ಹೊವಾರ್ಡ್ ಮತ್ತು ಜಾರ್ಜಿಯಾನಾ ಜೋನ್ಸ್ ದಂಪತಿ ವರ್ಜೀನಿಯಾದ ನಾರ್‌ಫೋಕ್‌ಗೆ ಹೋಗಿ ಕೆಲಸ ಮುಂದುವರಿಸಿದರು. ಅಮೆರಿಕದ ಮೊದಲ ಪ್ರನಾಳ ಶಿಶು ಎಲಿಜಬೆತ್ ಕಾರ್ 1981ರ ಡಿಸೆಂಬರಿನಲ್ಲಿ ಅಲ್ಲಿ ಹುಟ್ಟಿದಳು. ಇಷ್ಟು ಇಲ್ಲಿನ ಎಲ್ಲರಿಗೂ ಗೊತ್ತು. ಕಲ್ಕತ್ತೆಯ ಸುಭಾಷ್ ಮುಖ್ಯೋಪಾಧ್ಯಾಯರ ಹೆಸರು ಹೆಚ್ಚಿನವರು ಕೇಳಿಯೇ ಇರುವುದಿಲ್ಲ. ಲೂಯಿಸ್ ಹುಟ್ಟಿದ ಎರಡೇ ತಿಂಗಳ ಮೇಲೆ, ಅಕ್ಟೋಬರ್ 3ರಂದು, ಅವರ ಪ್ರಯತ್ನದಿಂದಲೂ ಒಂದು ಹೆಣ್ಣು ಮಗು ಹುಟ್ಟಿತು. ಸರ್ಕಾರ ನೇಮಿಸಿದ ಸಮಿತಿ ನಂಬಲಿಲ್ಲ. ಕೊನೆಗೆ ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. 1981ರ ಜೂನ್‌ನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅಂಡಾಶಯದ ವಿದ್ವಾಂಸನನ್ನು ಕಣ್ಣಿನ ಸಂಸ್ಥೆಗೆ ಹಾಕಿದವರ ಕಣ್ಣಿಗೇ ಯಾರೂ ಔಷಧ ಹಾಕಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಖಾಸಗಿ ಕ್ಲಿನಿಕ್ಕಿನಿಂದ ಕರೆ ಬಂತು. ಸಂಬಳ ಹೆಚ್ಚೂ ಕಡಿಮೆ ದುಪ್ಪಟ್ಟು. ನಮ್ಮವರು ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ, ಮನೆ ಸಾಲ ಯಾವಾಗ ತೀರುತ್ತದೆಂದು ತೋರಿಸಿ, 'ನಿನ್ನಿಷ್ಟ' ಎಂದರು. ಈ 'ನಿನ್ನಿಷ್ಟ'ದ ಅರ್ಥ ಕನ್ನಡದ ಹೆಂಡತಿಯರಿಗೆ ಬಿಡಿಸಿ ಹೇಳಬೇಕಿಲ್ಲ.

ಅದೇ ವಾರ ದೊಡ್ಡಮ್ಮನಿಗೆ ಫೋನ್ ಮಾಡಿದ್ದೆ. ಎಂಬತ್ತು ದಾಟಿದ್ದರು. 'ನಿನ್ನ ಹತ್ರ ಬಂದೋರಿಗೆಲ್ಲ ಆಗತ್ತೇನೇ?' ಎಂದು ಕೇಳಿದರು. ಇಲ್ಲ ದೊಡ್ಡಮ್ಮ ಎಂದೆ. 'ಆಗದೋರಿಗೆ ಏನು ಹೇಳ್ತೀಯ?'

ಖಾಸಗಿಯಲ್ಲಿ ಒಳ್ಳೆಯ ವೈದ್ಯರು ಬೇಕಾದಷ್ಟು ಇದ್ದಾರೆ, ನನ್ನ ಆಪ್ತ ಗೆಳತಿಯೇ ಅಲ್ಲಿದ್ದಾಳೆ. ಆದರೆ ಇಲ್ಲಿ ಕ್ಲಿನಿಕ್ಕುಗಳ ಯಶಸ್ಸಿನ ಪ್ರಮಾಣ ಪ್ರಕಟವಾಗಬೇಕೆಂದು 1992ರ ಕಾನೂನು ಇದೆ. ಉದ್ದೇಶ ಒಳ್ಳೆಯದೇ. ಅಂಕಿ ಬೀಳುತ್ತದೆಂಬ ಭಯಕ್ಕೆ ಕಷ್ಟದ ಕೇಸುಗಳನ್ನು ತೆಗೆದುಕೊಳ್ಳಲು ಹಿಂಜರಿಯುವವರೂ ಇದ್ದಾರೆ ಎಂಬುದು ನಮ್ಮ ವೃತ್ತಿಯಲ್ಲಿ ಹಳೆಯ ಮಾತು. ಅಂಥವರು ಅಲೆದಾಡಿ ನಮ್ಮಲ್ಲಿಗೆ ಬರುತ್ತಾರೆ. ಎಲ್ಲ ಪರೀಕ್ಷೆ ಮುಗಿದ ಮೇಲೂ ನೂರಕ್ಕೆ 15ರಿಂದ 30 ದಂಪತಿಗಳ ಫೈಲಿನಲ್ಲಿ 'ಕಾರಣ ತಿಳಿಯದು' ಎಂದೇ ಬರೆಯಬೇಕಾಗುತ್ತದೆ. ಗೊತ್ತಿಲ್ಲ ಎಂದು ಬರೆದ ಮೇಲೆ ಅದನ್ನು ಹುಡುಕಲು ಯಾರಾದರೂ ಕೂರಬೇಕಲ್ಲ? ಉಳಿದುಕೊಂಡೆ. ಮನೆ ಸಾಲವೂ ಉಳಿದಿದೆ.

ಮಧ್ಯಾಹ್ನ ಮೂರರ ಮೇಲೆ ರಕ್ತಪರೀಕ್ಷೆಯ ಫಲಿತಾಂಶ ಬರುತ್ತದೆ. ಗರ್ಭ ನಿಂತಿದೆಯೋ ಇಲ್ಲವೋ ಎಂದು ಹೇಳುವ ಕರೆಗಳ ಹೊತ್ತು ಅದು. ಫೆಲೋಗಳಿಗೆ ನಾನು ಕಲಿಸುವ ಅತಿ ಕಷ್ಟದ ಪಾಠ ಅಂಡಾಣು ತೆಗೆಯುವುದಲ್ಲ, ಈ ಕರೆ. ಮೊದಲ ವಾಕ್ಯದಲ್ಲೇ ಫಲಿತಾಂಶ ಹೇಳಬೇಕು, ಪೀಠಿಕೆ ಹಾಕಬಾರದು. ನಂತರ ಸುಮ್ಮನಿರಬೇಕು. ಅವರು ಅತ್ತರೆ ಕೇಳಿಸಿಕೊಳ್ಳಬೇಕು.

ಕಳೆದ ಚಳಿಗಾಲದಲ್ಲಿ ಒಬ್ಬಾಕೆಗೆ ಮೂರನೇ ಸಲವೂ ಆಗಲಿಲ್ಲ. ವಯಸ್ಸು 43. ಇನ್ನೊಮ್ಮೆ ಪ್ರಯತ್ನಿಸೋಣವೇ ಎಂದು ಆಕೆ ಕೇಳಿದಾಗ ನನ್ನ ಫೆಲೋ, ಇನ್ನೂ ಮೂವತ್ತೆರಡರ ಹುಡುಗ, ನನ್ನ ಮುಖ ನೋಡದೆ, 'ನಾನಾಗಿದ್ದರೆ ನಿಲ್ಲಿಸುತ್ತಿದ್ದೆ' ಎಂದ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಆಕೆ ಕೇಳಿದ್ದು ಒಂದೇ: ಕಾರಣ ಹುಡುಕುವವರಿಗೆ ನನ್ನ ಫೈಲು ಏನಾದರೂ ಉಪಯೋಗಕ್ಕೆ ಬರುತ್ತದಾ? ಹೆಸರಿಲ್ಲದೆ ಅಧ್ಯಯನಕ್ಕೆ ಸೇರಿಸಬಹುದು, ನಿಮ್ಮ ಸಹಿ ಬೇಕು ಎಂದ. ಕಾಗದ ಕಳಿಸಿ ಎಂದಳು.

ಪಟ್ಟಿಯಲ್ಲಿ ಇನ್ನೂ ಇಬ್ಬರಿದ್ದರು. ಒಬ್ಬಳಿಗೆ ಆಗಿತ್ತು, ಇನ್ನೊಬ್ಬಳಿಗೆ ಇಲ್ಲ. ಸಿಹಿ ಸುದ್ದಿ ಮೊದಲು ಹೇಳಲೇ ಎಂದು ಕೇಳಿದ. ಬೇಡ, ಆ ಖುಷಿ ನಿನ್ನ ದನಿಯಲ್ಲಿ ಉಳಿದುಕೊಳ್ಳುತ್ತದೆ ಎಂದೆ. ಅವನು ಇನ್ನೊಬ್ಬಳ ನಂಬರ್ ಒತ್ತಿದ.