ಕೆಳಪಟ್ಟಿಯಲ್ಲಿ ಏನು ಕೆತ್ತುವುದು?

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಗುಡಿ ಮಗ್ಗುಲಿಗೋ ಹೊಲದ ಬದುವಿಗೋ ಒಂದು ವೀರಗಲ್ಲು ಸಿಗುತ್ತದೆ. ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಗೆ ಸೂರ್ಯ-ಚಂದ್ರ. ಎಣ್ಣೆ ಹಚ್ಚಿ ಹಚ್ಚಿ ಮುಖ ಸವೆದಿರುತ್ತದೆ. ಮೂಗು ಎಲ್ಲಿತ್ತು ಅಂತ ಬೆರಳಾಡಿಸಿಯೇ ತಿಳಿಯಬೇಕು.

ಅದನ್ನು ಕಂಡಾಗ ಈಗೀಗ ನೆನಪಾಗುವವನು ನಮ್ಮೂರವನಲ್ಲ, ಸೂರತ್ತಿನ 23ರ ಹುಡುಗ. ರಷ್ಯಾದಲ್ಲಿ ಸೇನೆಗೆ ಸಹಾಯಕನ ಕೆಲಸ ಅಂತ ಏಜೆಂಟರು ಕಳಿಸಿದ್ದರು. 2024ರ ಫೆಬ್ರವರಿ 21ರಂದು ಉಕ್ರೇನಿನ ರಣಭೂಮಿಯಲ್ಲಿ ಡ್ರೋನ್ ದಾಳಿಗೆ ಸತ್ತ. ಅಂಥದೇ ಮಾತು ನಂಬಿ ಹೋಗಿದ್ದ ಕಲಬುರಗಿಯ ಹುಡುಗನೊಬ್ಬ ಆಗ ಹತ್ತಿರದಲ್ಲೇ ಕಂದಕ ತೋಡುತ್ತಿದ್ದನಂತೆ. ಹೆಣವನ್ನು ಟ್ರಕ್ಕಿಗೆ ಏರಿಸಿದವನೂ ಅವನೇ. ಅವನೂ ಹಾಗೆಯೇ ಹೋಗಿದ್ದ ಇತರ ಕಲಬುರಗಿ ಹುಡುಗರೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜೀವಂತ ಮನೆ ಮುಟ್ಟಿದರು, ಪುಣ್ಯ.

ದನಗಳನ್ನು ಬಿಡಿಸಲು ಹೋಗಿ ಸತ್ತವನಿಗೂ ಕಲ್ಲು ನಿಲ್ಲಿಸಿದ ನಾಡು ಇದು. ಆ ಕಲ್ಲುಕುಟಿಗನಿಗೆ ಊರು ಯಾವುದು, ಒಡೆಯ ಯಾರು, ಕಳ್ಳ ಯಾರು, ಎಲ್ಲ ಗೊತ್ತಿತ್ತು. ಸೂರತ್ತಿನ ಈ ಹುಡುಗನಿಗೆ ಯಾರ ಯುದ್ಧ, ಯಾವ ಒಡೆಯ? ಕೆಳಪಟ್ಟಿಯಲ್ಲಿ ಏನಂತ ಕೆತ್ತಬೇಕು? ಮೇಲಿಂದ ಬಂದ ಎದುರಾಳಿಗೆ ಮುಖವೇ ಇರಲಿಲ್ಲ.