ಮೂಲಂಗಿ ರಸದ ಮಿಠಾಯಿ

ಅಂಚೆ ಕಚೇರಿಯ ಪಾರ್ಸಲ್ ಬೇರೆ, ಹೋಟೆಲಿನ ಪಾರ್ಸಲ್ ಬೇರೆ. ಮೊದಲನೆಯದಕ್ಕೆ ವಿಳಾಸ, ಮೊಹರು, ತೂಕದ ಲೆಕ್ಕ ಎಲ್ಲವೂ ಬೇಕು. ಎರಡನೆಯದಕ್ಕೆ ಒಂದು ಬಾಳೆಲೆ, ಒಂದಿಷ್ಟು ದಾರ, ಚಟ್ನಿಗೊಂದು ಪುಟ್ಟ ಪೊಟ್ಟಣ ಸಾಕು. ಆದರೆ ‘ಎರಡು ಮಸಾಲೆ ಪಾರ್ಸಲ್’ ಎಂದು ಕೂಗುವವನ ಮನೆಯಲ್ಲಿ ಯಾರೋ ಕಾಯುತ್ತಿದ್ದಾರೆ ಎಂಬುದು ಮಾತ್ರ ಖಂಡಿತ. ಕೊರಿಯಾದವರು ಇದಕ್ಕೆ ‘ಪೊಜಾಂಗ್’ ಎನ್ನುತ್ತಾರೆ. ಸೋಲ್ ನಗರದಲ್ಲಿ ನಾನು ಮೊದಲು ಕಲಿತ ಶಬ್ದ ಇದೇ. ನಮಸ್ಕಾರ, ಧನ್ಯವಾದಗಳು ಆಮೇಲೆ ಬಂದವು.

ನಾನು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ನನ್ನಂಥವನಿಗೆ ಸೋಲ್ ನೋಡುವ ಯೋಗ ಬಂದದ್ದು ಮಗಳಿಂದ. ಅವಳು ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ದಿನವೂ ರಾತ್ರಿ ಫೋನಿನಲ್ಲಿ ನಾನು ‘ಊಟ ಆಯ್ತಾ?’ ಎನ್ನುವುದು, ಅವಳು ‘ಆಯ್ತಪ್ಪಾ’ ಎನ್ನುವುದು ವಾಡಿಕೆ. ಎರಡನೆಯ ವರ್ಷ ಆ ‘ಆಯ್ತಪ್ಪಾ’ ಎಂಬ ಮಾತು ಸಣ್ಣದಾಗುತ್ತಾ ಬಂತು. ಅವಳ ಅಮ್ಮನಿಗೆ ಸಂಶಯ. ನವೆಂಬರ್ ತಿಂಗಳಲ್ಲಿ ಮೂರು ವಾರ ಗಳಿಕೆ ರಜೆ ಹಾಕಿ ಹೊರಟೆ.

ವಿಮಾನ ನಿಲ್ದಾಣಕ್ಕೆ ಬಂದವಳನ್ನು ನೋಡಿದೆ. ಕೈಯ ಬಳೆ ಮೊಳಕೈವರೆಗೆ ಜಾರುತ್ತಿತ್ತು. ಅವಳ ಕೋಣೆಯ ಫ್ರಿಜ್ಜಿನಲ್ಲಿ ಇದ್ದದ್ದು ಒಣಗಿದ ಒಂದು ನಿಂಬೆಹಣ್ಣು, ಅರ್ಧ ಡಬ್ಬಿ ಹಾಲು. ಕಪಾಟಿನಲ್ಲಿ ಮನೆಯಿಂದ ಕಳಿಸಿದ ಚಟ್ನಿಪುಡಿ ಕಟ್ಟು ಬಿಚ್ಚದೆ ಕೂತಿತ್ತು. ‘ಏನು ಮಗಳೇ ಇದು?’ ಎಂದೆ. ‘ಲ್ಯಾಬಿನಲ್ಲಿ ತಡ ಆಗುತ್ತಪ್ಪಾ. ಆಮೇಲೆ ಹಸಿವೇ ಇರೋದಿಲ್ಲ’ ಎಂದಳು. ಉಪದೇಶ ಮಾಡಲು ಮೂವತ್ತು ವರ್ಷದ ಅನುಭವ ನನಗಿದೆ. ಆದರೆ ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲ ಎಂಬುದೂ ಅದೇ ಅನುಭವ. ಮರುದಿನ ಅವಳು ಲ್ಯಾಬಿಗೆ ಹೋದ ಮೇಲೆ, ಒಂದು ಬಟ್ಟೆಯ ಚೀಲ ಹಿಡಿದು ನಾನು ಊರೊಳಗೆ ಹೊರಟೆ.

ನಮ್ಮದು ಸಸ್ಯಾಹಾರ. ಸೋಲ್‌ನಲ್ಲಿ ತಿಂಡಿಗೆ ಬರವಿಲ್ಲ, ಹೆಜ್ಜೆಗೊಂದು ಅಂಗಡಿ. ಆದರೆ ಒಣಮೀನು ಎಲ್ಲಿ ಅಡಗಿ ಕೂತಿರುತ್ತದೆ ಎಂದು ಹೇಳಲಾಗದು. ‘ತೊಕ್‌ಬೊಕ್ಕಿ’ ಎಂಬ ಅಕ್ಕಿಹಿಟ್ಟಿನ ಕಡುಬಿನ ತುಂಡುಗಳು ಕೆಂಪು ಮೆಣಸಿನ ಗೊಜ್ಜಿನಲ್ಲಿ ಕುದಿಯುವುದನ್ನು ಕಂಡರೆ ಬಾಯಲ್ಲಿ ನೀರೂರುತ್ತದೆ. ಆದರೆ ಆ ಗೊಜ್ಜಿಗೆ ಹಾಕುವ ಸಾರು ಬಹಳ ಕಡೆ ಒಣಮೀನಿನದು. ತರಕಾರಿ ಕಿಮ್ಚಿಯಲ್ಲೂ ಸಿಗಡಿಯ ಉಪ್ಪಿನಕಾಯಿ ಸೇರಿರುವುದುಂಟು. ಮಗಳು ಒಂದು ಚೀಟಿಯಲ್ಲಿ ‘ಮಾಂಸ, ಮೀನು, ಮೀನಿನ ಸಾರು ಬೇಡ’ ಎಂದು ಕೊರಿಯನ್ ಲಿಪಿಯಲ್ಲಿ ಬರೆದುಕೊಟ್ಟಿದ್ದಳು. ಅದೇ ನನ್ನ ಪಾಸ್‌ಪೋರ್ಟ್.

ತಮಾಷೆಯೆಂದರೆ, ನಮಗೆ ಮೊದಲು ಒಗ್ಗಿದ ತಿಂಡಿ ನೋಡಲು ಥೇಟ್ ಮೀನು! ‘ಬುಂಗೊಪ್ಪಾಂಗ್’ ಎಂದು ಅದರ ಹೆಸರು. ಮೀನಿನ ಆಕಾರದ ಕಬ್ಬಿಣದ ಅಚ್ಚಿನಲ್ಲಿ ಗೋಧಿಹಿಟ್ಟು ಹೊಯ್ದು, ನಡುವೆ ಕೆಂಪು ಕಾಳಿನ ಸಿಹಿ ಹೂರಣ ಇಟ್ಟು ಬೇಯಿಸುತ್ತಾರೆ. ಹೊರಗೆ ಮೀನು, ಒಳಗೆ ಹೋಳಿಗೆ. ಇದು ಚಳಿಗಾಲದ ತಿಂಡಿ, ಮಾರುವವರು ಬೀದಿಬದಿಯ ಗಾಡಿಯವರು. ಗಾಡಿ ಇಂದು ಇಲ್ಲಿ, ನಾಳೆ ಇನ್ನೆಲ್ಲೋ. ಅದನ್ನು ಹುಡುಕಿಕೊಡಲೆಂದೇ ಮಗಳ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಅದರ ಹೆಸರಿನ ಅರ್ಥ ‘ಎದೆಯಲ್ಲಿ ಮೂರು ಸಾವಿರ ವೋನ್’. ಚಳಿಗಾಲದಲ್ಲಿ ಅಂಗಿಯ ಜೇಬಿನಲ್ಲಿ ಅಷ್ಟು ಚಿಲ್ಲರೆ ಸದಾ ಇರಬೇಕಂತೆ, ಗಾಡಿ ಎಲ್ಲಿ ಎದುರಾಗುತ್ತದೋ! ಗಾಡಿ ನಡೆದುಹೋಗುವಷ್ಟು ಹತ್ತಿರವಿರುವ ಬಡಾವಣೆಗೆ ‘ಬುಂಗ್‌ಸೆಗ್ವೊನ್’ ಎಂಬ ಗೌರವದ ಹೆಸರೂ ಹುಟ್ಟಿಕೊಂಡಿದೆ. ನಮ್ಮಲ್ಲಿ ಮನೆ ಬಾಡಿಗೆಗೆ ಹುಡುಕುವವರು ಬಸ್ ನಿಲ್ದಾಣ, ಶಾಲೆ, ನೀರು ಎಲ್ಲ ವಿಚಾರಿಸುತ್ತಾರೆ. ಬೋಂಡದ ಗಾಡಿ ಎಷ್ಟು ದೂರ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಮೂರನೆಯ ದಿನ ಗ್ವಾಂಗ್‌ಜಾಂಗ್ ಮಾರುಕಟ್ಟೆಗೆ ಹೋದೆ. ಇದು 1905ರಷ್ಟು ಹಳೆಯದು. ನಮ್ಮ ಚಿಕ್ಕಪೇಟೆಯ ಹಾಗೆ ಬಟ್ಟೆ ವ್ಯಾಪಾರವೂ ಉಂಟು, ತಿಂಡಿಯೂ ಉಂಟು. ಅಲ್ಲಿ ಕೇಳಿದ ಸದ್ದು ನನ್ನನ್ನು ನಿಲ್ಲಿಸಿಬಿಟ್ಟಿತು. ಬೀಸುವ ಕಲ್ಲಿನ ಸದ್ದು! ಮೋಟಾರಿನಿಂದ ತಿರುಗುವ ಕಲ್ಲು, ನೆನೆದ ಹೆಸರುಬೇಳೆ, ಅಂಚಿನಿಂದ ಇಳಿಯುವ ಹಳದಿ ಹಿಟ್ಟು. ಅದಕ್ಕೆ ಮೊಳಕೆಕಾಳು, ಸೊಪ್ಪು ಸೇರಿಸಿ ದಪ್ಪ ರೊಟ್ಟಿಯ ಹಾಗೆ ಎಣ್ಣೆಯಲ್ಲಿ ಬೇಯಿಸುತ್ತಾರೆ. ಹೆಸರು ‘ಬಿಂದೆತೊಕ್’. ನಮ್ಮ ಹೆಸರುಬೇಳೆ ದೋಸೆಗೆ ಸ್ವಂತ ದಾಯಾದಿ. ಕೆಲವರು ಹಂದಿಮಾಂಸ ಸೇರಿಸುತ್ತಾರೆ, ಆದ್ದರಿಂದ ಚೀಟಿ ತೋರಿಸಿದೆ. ಅಂಗಡಿಯ ಹೆಂಗಸು ಓದಿ, ಬೇರೆ ಪಾತ್ರೆಯಿಂದ ಬರಿಯ ಹಿಟ್ಟು ತೆಗೆದರು.

ಇಂಥ ಅಂಗಡಿಯ ಹೆಂಗಸರನ್ನು ಅಲ್ಲಿನ ಹುಡುಗರು ‘ಇಮೊ’ ಎನ್ನುತ್ತಾರೆ. ಇಮೊ ಎಂದರೆ ತಾಯಿಯ ಅಕ್ಕ ಅಥವಾ ತಂಗಿ. ತಂದೆಯ ಸೋದರಿಗೆ ಬೇರೆಯೇ ಶಬ್ದ, ನಮ್ಮ ಚಿಕ್ಕಮ್ಮ ಬೇರೆ, ಸೋದರತ್ತೆ ಬೇರೆ ಆದಂತೆ. ಅಪ್ಪನನ್ನು ಅವರೂ ‘ಅಪ್ಪಾ’ ಎಂದೇ ಕರೆಯುತ್ತಾರೆ. ಬೀದಿಯಲ್ಲಿ ಮಗುವೊಂದು ಹಾಗೆ ಕೂಗಿದಾಗ ನಾನು ತಿರುಗಿ ನೋಡಿದ್ದುಂಟು. ಇದರಿಂದ ಕನ್ನಡಕ್ಕೂ ಕೊರಿಯನ್ನಿಗೂ ನಂಟು ಕಟ್ಟಲು ಹೋಗಬೇಡಿ. ತುಟಿ ಮುಚ್ಚಿ ತೆರೆದರೆ ಹುಟ್ಟುವ ಪಕಾರ, ಮಕಾರಗಳು ಎಲ್ಲ ದೇಶದ ಕೂಸುಗಳಿಗೂ ಸುಲಭ, ಅಷ್ಟೇ. ಆದರೆ ಇನ್ನೊಂದು ಹೋಲಿಕೆ ಅಷ್ಟು ಹಗುರವಲ್ಲ. ಕೊರಿಯನ್ನರು ಪರಸ್ಪರ ಕಂಡಾಗ ಕೇಳುವ ಮಾತು ‘ಬಾಪ್ ಮೊಗೊಸ್ಸೊ?’ ಎಂದರೆ ‘ಅನ್ನ ಉಂಡೆಯಾ?’. ನಮ್ಮ ‘ಊಟ ಆಯ್ತಾ?’ ಎಂಬುದರ ತದ್ರೂಪ. ಮಗಳಿಗೆ ಎಂದು ಕೈಸನ್ನೆಯಲ್ಲಿ ತಿಳಿಸಿದಾಗ ಆ ಹೆಂಗಸು ಪೊಟ್ಟಣಕ್ಕೆ ಇನ್ನೊಂದು ಬಿಂದೆತೊಕ್ ಹಾಕಿ, ‘ಸರ್ವಿಸು’ ಎಂದು ನಕ್ಕರು. ಬಿಟ್ಟಿ ಕೊಡುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅದು ಕೊಸರು.

ಮೀನಿಲ್ಲದ ಕಿಮ್ಚಿ ಕೂಡ ಕೊನೆಗೆ ಸಿಕ್ಕಿತು. ಕೋಸಿನ ಜಾತಿಯ ಸೊಪ್ಪು, ಉಪ್ಪು, ಮೆಣಸು ಸೇರಿ ಹುಳಿಬರುವ ಈ ಪದಾರ್ಥವನ್ನು ಮೂಸಿ ಮೂಗು ಮುರಿಯುವವರು ಒಂದು ಸಂಗತಿ ತಿಳಿಯಬೇಕು. ಕಿಮ್ಚಿಯನ್ನು ಹುಳಿಗೊಳಿಸುವ ಬ್ಯಾಕ್ಟೀರಿಯಾಗಳಲ್ಲಿ ‘ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್’ ಮುಖ್ಯವಾದದ್ದು. ರಾತ್ರಿ ನಮ್ಮ ಇಡ್ಲಿಹಿಟ್ಟನ್ನು ಉಬ್ಬಿಸಿ, ಬೆಳಿಗ್ಗೆ ಪಾತ್ರೆಯ ಮುಚ್ಚಳ ಎತ್ತುವುದೂ ಇದೇ ಮಹಾಶಯ. ಲ್ಯಾಕ್ಟಿಕ್ ಆಮ್ಲದಿಂದ ಹುಳಿ, ಇಂಗಾಲದ ಡೈಆಕ್ಸೈಡ್‌ನಿಂದ ಉಬ್ಬು. ಅವನಿಗೆ ಪಾಸ್‌ಪೋರ್ಟಿನ ಗೊಡವೆಯಿಲ್ಲ.

ಇಷ್ಟೆಲ್ಲ ತಿಂಡಿಗಳ ಹಿಂದೆ ಹಸಿವಿನ ಚರಿತ್ರೆಯಿದೆ. 1950ರಿಂದ 1953ರವರೆಗೆ ನಡೆದ ಯುದ್ಧ ಆ ದೇಶವನ್ನು ಬೂದಿ ಮಾಡಿತ್ತು. ಕದನ ನಿಂತ ಮೇಲೆ ಯುದ್ಧಕೈದಿಗಳ ಗತಿ ನಿರ್ಧರಿಸಲು ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ ವಹಿಸಿದವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರು. ಆ ಕಾಲದಲ್ಲಿ ಜನ ಅಮೆರಿಕದ ಸೇನಾ ಶಿಬಿರಗಳ ಉಚ್ಛಿಷ್ಟವನ್ನು ಕುದಿಸಿದ ಗಂಜಿಗೆ ಸಾಲು ನಿಲ್ಲುತ್ತಿದ್ದರು. ಆ ಸಾಲನ್ನು ಕಂಡು ಮನಕರಗಿದ ಉದ್ಯಮಿಯೊಬ್ಬರು 1963ರಲ್ಲಿ ಕೊರಿಯಾದ ಮೊದಲ ದಿಢೀರ್ ನೂಡಲ್ಸ್ ‘ಸಾಮ್ಯಾಂಗ್ ರಾಮ್ಯೊನ್’ ತಯಾರಿಸಿದರೆಂದು ಅಲ್ಲಿ ಹೇಳುತ್ತಾರೆ. ಅಕ್ಕಿಗೆ ಅಭಾವವಿದ್ದ 1970ರ ದಶಕದಲ್ಲಿ, ಅನ್ನಕ್ಕೆ ಬಾರ್ಲಿ ಬೆರೆಸಿದ್ದಾರೆಯೇ ಎಂದು ಮೇಷ್ಟ್ರುಗಳು ಮಕ್ಕಳ ಬುತ್ತಿ ಬಿಚ್ಚಿಸಿ ನೋಡುತ್ತಿದ್ದರು. ಇಂದು ನಮ್ಮ ಹುಡುಗರು ಧಾರಾವಾಹಿ ನೋಡಿ ಆಸೆಪಡುವ ಆ ಖಾರದ ನೂಡಲ್ಸ್ ಶೋಕಿಯಿಂದ ಹುಟ್ಟಿದ್ದಲ್ಲ, ಬರಿಹೊಟ್ಟೆಯಿಂದ ಹುಟ್ಟಿದ್ದು.

ನಾನಿದ್ದಾಗಲೇ ಅಲ್ಲಿ ‘ಸುನುಂಗ್’ ನಡೆಯಿತು. ಇದು ಕಾಲೇಜು ಪ್ರವೇಶಕ್ಕೆ ವರ್ಷಕ್ಕೊಮ್ಮೆ, ನವೆಂಬರಿನ ಒಂದು ಗುರುವಾರ ನಡೆಯುವ ಪರೀಕ್ಷೆ. ಮಕ್ಕಳಿಗೆ ರಸ್ತೆ ಖಾಲಿ ಇರಲೆಂದು ಕಚೇರಿಗಳು ತಡವಾಗಿ ತೆರೆಯುತ್ತವೆ. ತಡವಾದ ವಿದ್ಯಾರ್ಥಿಯನ್ನು ಪೊಲೀಸರು ತಮ್ಮ ಗಾಡಿಯಲ್ಲಿ ಕರೆದೊಯ್ಯುತ್ತಾರೆ. ಇಂಗ್ಲಿಷ್ ಕೇಳಿ ಉತ್ತರಿಸುವ ಹೊತ್ತಿನಲ್ಲಿ ದೇಶದಲ್ಲಿ ವಿಮಾನ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಸೋಲ್ ಎಂಬ ಊರಿನಲ್ಲಿ ಸೋಲನ್ನು ಕಂಡರೆ ಅಷ್ಟು ಭಯ!

ಆ ವಾರ ಅಂಗಡಿಗಳ ತುಂಬ ‘ಯೊತ್’ ಎಂಬ ಅಂಟುಮಿಠಾಯಿ. ಕೊರಿಯನ್ ಭಾಷೆಯಲ್ಲಿ ‘ಅಂಟು’ ಎಂಬ ಕ್ರಿಯಾಪದಕ್ಕೆ ‘ಪರೀಕ್ಷೆಯಲ್ಲಿ ತೇರ್ಗಡೆಯಾಗು’ ಎಂಬ ಅರ್ಥವೂ ಇದೆ. ಆದ್ದರಿಂದ ಪರೀಕ್ಷೆಗೆ ಹೋಗುವ ಮಗುವಿಗೆ ಯೊತ್ ಕೊಡುತ್ತಾರೆ, ನಾವು ಮೊಸರು-ಸಕ್ಕರೆ ಕೊಟ್ಟಂತೆ. ಕಡಲಪಾಚಿಯ ಸಾರು ಮಾತ್ರ ಆ ದಿನ ನಿಷಿದ್ಧ, ಜಾರುತ್ತದಲ್ಲ! ಪರೀಕ್ಷೆಯ ದಿನ ಒಂದು ಶಾಲೆಯ ಗೇಟಿನ ಮುಂದೆ ತಾಯಂದಿರು ಚಳಿಯಲ್ಲಿ ಕೈಮುಗಿದು ನಿಂತಿದ್ದರು. ನಮ್ಮೂರಿನ ಪರೀಕ್ಷಾ ಕೇಂದ್ರಗಳ ಮುಂದಿನ ಮುಖಗಳೇ.

ಯೊತ್ ಮಿಠಾಯಿಯೇ ಒಮ್ಮೆ ಪರೀಕ್ಷೆಯ ಪ್ರಶ್ನೆಯಾಗಿತ್ತು. ವಿಜ್ಞಾನದ ಮೇಷ್ಟ್ರುಗಳೆಲ್ಲ ತಿಳಿದಿರಬೇಕಾದ ಕತೆ ಇದು. ಆಗ ಸೋಲ್‌ನಲ್ಲಿ ಒಳ್ಳೆಯ ಮಾಧ್ಯಮಿಕ ಶಾಲೆ ಸೇರಲು ಹನ್ನೆರಡರ ಮಕ್ಕಳಿಗೂ ಪ್ರವೇಶ ಪರೀಕ್ಷೆ ಇತ್ತು. 1964ರ ಡಿಸೆಂಬರಿನಲ್ಲಿ ನಡೆದ ಆ ಪರೀಕ್ಷೆಯಲ್ಲಿ, ಯೊತ್ ಮಾಡುವಾಗ ಮೊಳಕೆ ಕಟ್ಟಿಸಿದ ಬಾರ್ಲಿಯ ಬದಲು ಏನು ಹಾಕಬಹುದು ಎಂದು ಕೇಳಿದರು. ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ ಮೊಳಕೆಕಾಳಿನಲ್ಲಿರುತ್ತದೆ. ಕೂಸುಗಳ ಸರಿಗೆ ನಮ್ಮ ಅಜ್ಜಿಯರು ರಾಗಿಯನ್ನು ಮೊಳಕೆ ಬರಿಸುತ್ತಿದ್ದ ಗುಟ್ಟೂ ಇದೇ. ಅಧಿಕೃತ ಉತ್ತರ ‘ಡಯಾಸ್ಟೇಸ್’ ಎಂದಿತ್ತು. ಆದರೆ ಕೊಟ್ಟ ಆಯ್ಕೆಗಳಲ್ಲಿ ‘ಮೂಲಂಗಿ ರಸ’ವೂ ಒಂದು. ಅದನ್ನು ಬರೆದ ಮಕ್ಕಳಿಗೆ ಅಂಕ ಹೋಯಿತು, ಅಂಕದೊಡನೆ ಶಾಲೆಯೂ ಹೋಯಿತು. ಮೂಲಂಗಿಯಲ್ಲೂ ಅದೇ ಕಿಣ್ವ ಇದೆಯಲ್ಲ ಎಂದು ತಾಯಂದಿರು ಕೇಳಿದರು. ಬರಿಯ ಬಾಯಿಮಾತಿನಲ್ಲಿ ಕೇಳಲಿಲ್ಲ. ಮನೆಯಲ್ಲಿ ಮೂಲಂಗಿ ರಸ ಹಾಕಿ ಯೊತ್ ಕಾಯಿಸಿ, ಶಿಕ್ಷಣ ಇಲಾಖೆಯ ಬಾಗಿಲಿಗೇ ಪಾತ್ರೆ ಹೊತ್ತು ತಂದು, ‘ತಿಂದು ನೋಡಿ’ ಎಂದರು! ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 1965ರಲ್ಲಿ ಮೂಲಂಗಿ ರಸವೂ ಸರಿಯುತ್ತರವೇ ಎಂದು ತೀರ್ಪು ಬಂತು. 38 ಮಕ್ಕಳಿಗೆ ತಮ್ಮ ಶಾಲೆ ಸಿಕ್ಕಿತು. 1969ರಲ್ಲಿ ಸೋಲ್‌ನಲ್ಲಿ ಆ ಪ್ರವೇಶ ಪರೀಕ್ಷೆಯೇ ರದ್ದಾಯಿತು.

ಅಡುಗೆಮನೆಯೂ ಪ್ರಯೋಗಶಾಲೆಯೇ ಎಂದು ತರಗತಿಯಲ್ಲಿ ನಾನು ಎಷ್ಟೋ ಸಲ ಹೇಳಿದ್ದೇನೆ. ಆ ತಾಯಂದಿರು ಅದನ್ನು ಸರ್ಕಾರದ ಮುಂದೆ ಸಾಧಿಸಿ ತೋರಿಸಿದರು. ಉತ್ತರ ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ಒಂದು ಉತ್ತರ ನಿಜವಾಗುವುದಿಲ್ಲ, ಪಾತ್ರೆಯಲ್ಲಿ ಪಾಕ ಬಂದರೆ ನಿಜವಾಗುತ್ತದೆ.

ಈ ಕತೆಯನ್ನು ನಾನು ಮಗಳಿಗೆ ಹೇಳಿದ್ದು ಒಂದು ರಾತ್ರಿ ಹತ್ತು ಗಂಟೆಗೆ. ಅಂದಿನ ಪಾರ್ಸಲ್ ‘ಹೊಬಾಕ್‌ಜುಕ್’, ಸಿಹಿಗುಂಬಳದ ಗಂಜಿ. ಜುಕ್ ಎಂದರೆ ಗಂಜಿ. ಜ್ವರ ಬಂದವರಿಗೆ, ಹೊಟ್ಟೆ ಕೆಟ್ಟವರಿಗೆ ಅಲ್ಲಿಯೂ ಅದೇ ಪಥ್ಯ. ಅದನ್ನೇ ಮಾರುವ ಅಂಗಡಿಗಳಿವೆ, ಬಿಸಿಯಾಗಿ ಡಬ್ಬಿಗೆ ಹಾಕಿಕೊಡುತ್ತಾರೆ. ಮಗಳು ಚಟ್ನಿಪುಡಿಯ ಕಟ್ಟನ್ನು ಅಂದು ಬಿಚ್ಚಿದಳು. ಅರ್ಧ ಡಬ್ಬಿ ಉಂಡ ಮೇಲೆ, ನಾನು ಕೇಳದೆಯೇ ಹೇಳಿದಳು: ‘ಅಪ್ಪಾ, ಎಂಟು ತಿಂಗಳಿಂದ ನನ್ನ ಪ್ರಯೋಗ ಒಂದೂ ಸರಿಬಂದಿಲ್ಲ. ನಿಮಗೆ ಹೇಗೆ ಹೇಳಲಿ ಅಂತ...’ ಮಾತು ಅಲ್ಲಿಗೆ ನಿಂತಿತು. ‘ಮೊದಲು ಉಳಿದದ್ದನ್ನು ಉಣ್ಣು’ ಎಂದೆ. ಉಂಡಳು. ಆಮೇಲೆ ಎರಡು ಗಂಟೆ ಮಾತಾಡಿದಳು. ಅವಳ ರಸಾಯನಶಾಸ್ತ್ರ ನನ್ನ ಬಿ.ಎಸ್ಸಿ.ಗೆ ಎಟುಕುವಂಥದ್ದಲ್ಲ. ನಾನು ಸುಮ್ಮನೆ ಕೇಳಿಸಿಕೊಂಡೆ.

ಮರುದಿನವೇ ಪ್ರಯೋಗ ಯಶಸ್ವಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ತನ್ನ ಮಾರ್ಗದರ್ಶಕರ ಬಳಿ ಹೋಗಿ ಇದ್ದುದನ್ನು ಇದ್ದಂತೆ ಹೇಳಿದಳು, ವಿಷಯವನ್ನು ಸ್ವಲ್ಪ ಬದಲಿಸಿಕೊಂಡಳು. ಈಗ ರಾತ್ರಿಯ ಫೋನಿನಲ್ಲಿ ‘ಆಯ್ತಪ್ಪಾ’ ಎಂದಷ್ಟೇ ಹೇಳುವುದಿಲ್ಲ, ಏನು ಊಟ ಎಂದೂ ಹೇಳುತ್ತಾಳೆ. ಅಕ್ಕಪಕ್ಕದ ಕೊರಿಯನ್ ಗೆಳತಿಯರು ಲ್ಯಾಬಿನಲ್ಲಿ ‘ಬಾಪ್ ಮೊಗೊಸ್ಸೊ?’ ಎಂದರೆ ಎದ್ದು ಅವರ ಜೊತೆ ಹೋಗುತ್ತಾಳಂತೆ.

ಓದುವ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ತಣಿದ ತೆಳು ಗಂಜಿನೀರನ್ನು ಮೂರು ಲೋಟಕ್ಕೆ ಹಾಕಿ. ಒಂದಕ್ಕೆ ಏನೂ ಬೇಡ. ಎರಡನೆಯದಕ್ಕೆ ಹಸಿ ಮೂಲಂಗಿಯ ರಸ. ಮೂರನೆಯದಕ್ಕೆ ಚೆನ್ನಾಗಿ ಕುದಿಸಿ ಆರಿಸಿದ ಮೂಲಂಗಿ ರಸ. ಉಗುರುಬೆಚ್ಚಗಿನ ನೀರಿನಲ್ಲಿ ಮೂರನ್ನೂ ಒಂದು ಗಂಟೆ ಇಟ್ಟು, ತಲಾ ಕೆಲವು ಹನಿ ಅಯೋಡಿನ್ ಹಾಕಿ. ಎಲ್ಲಿ ನೀಲಿ ಬಂತು, ಎಲ್ಲಿ ಬರಲಿಲ್ಲ, ಮೂರನೆಯ ಲೋಟ ಏಕೆ ಬೇಕಾಯಿತು ಎಂದು ಯೋಚಿಸಿ ಬರೆಯಿರಿ. ಆ ನೀರನ್ನು ಮಾತ್ರ ಕುಡಿಯಬೇಡಿ.

ತಂದೆತಾಯಿಗಳಿಗೆ ಇನ್ನೂ ಸುಲಭದ ಕೆಲಸ. ಮಾರ್ಚ್ ತಿಂಗಳು ಬರುತ್ತದೆ, ಪ್ರಶ್ನೆಪತ್ರಿಕೆ ಹಿಡಿದು ಮಗು ಮನೆಯೊಳಗೆ ಕಾಲಿಡುತ್ತದೆ. ‘ಎಷ್ಟು ಬರೆದೆ?’ ಎಂಬುದು ಎರಡನೆಯ ಪ್ರಶ್ನೆಯಾಗಲಿ.