ಕಮಲಾಪುರದ ಹಗೇವು

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದ ಬಸ್ಸು ಊರು ದಾಟಿದೊಡನೆ ಎರಡೂ ಬದಿಗೆ ತೊಗರಿ ಹೊಲ. ಮಹಾಗಾಂವ್ ಕ್ರಾಸಿನಲ್ಲಿ ಬಸ್ಸು ನಿಂತಾಗ ನನಗೆ ಹೈದರಾಬಾದ್ ವಿಮೋಚನೆಯ ಹೋರಾಟಗಾರ ಚಂದ್ರಶೇಖರ ಪಾಟೀಲರ ನೆನಪು. ಅವರು ಈ ಮಹಾಗಾಂವದವರೇ. ಮುಂದೆ ಕಮಲಾಪುರ, ನಮ್ಮಜ್ಜನ ಊರು.

1948ರಲ್ಲಿ ಇದೆಲ್ಲ ನಿಜಾಮನ ಸೀಮೆ. ಕಾಸಿಂ ರಜ್ವಿಯ ರಜಾಕಾರರು ಊರೂರಿಗೆ ನುಗ್ಗುತ್ತಿದ್ದ ಕಾಲ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡದ ಸುದ್ದಿ ಕೇಳಿ ಎಷ್ಟೋ ಮನೆಗಳವರು ಗಡಿಯಾಚೆ, ಸೊಲ್ಲಾಪುರದ ಕಡೆಗೆ ಓಡಿದರು. ಗಡಿಯಾಚೆಯ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳೆದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವ. ಅಲ್ಲಿಯ ತರುಣರು ನಿಜಾಮನ ನಾಕಾಗಳ ಮೇಲೆ ಬೀಳುತ್ತಿದ್ದರು.

ಊರಲ್ಲೇ ಉಳಿದವರಿಗೆ ಬಂದೂಕು ಎಲ್ಲಿಯದು? ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆ, ಬಡಿಗೆ, ಕೊಡಲಿ. ರಾತ್ರಿಯೆಲ್ಲ ಸರದಿಯ ಗಸ್ತು. ಆಗ ಹತ್ತು ವರ್ಷದವರಾಗಿದ್ದ ನಮ್ಮಪ್ಪನ ಕೆಲಸ ಮಾಳಿಗೆಯ ಮೇಲೆ ಕಲ್ಲು ಕೂಡಿಡುವುದು. ಆ ಗಸ್ತಿನಲ್ಲಿ ಪಕ್ಕದ ಮನೆಯ ಚಾಚಾ ಕೂಡ ಇದ್ದರಂತೆ. ರಜಾಕಾರರನ್ನು ಒಪ್ಪದ ಮುಸಲ್ಮಾನರು ಬಹಳ ಮಂದಿ. ಅವರ ವಿರುದ್ಧ ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ಅದೇ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಂದರು.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಬಂತು. 17ಕ್ಕೆ ನಿಜಾಮ ಶರಣಾದ. ಪ್ರತಿವರ್ಷ ಆ ದಿನ ಶಾಲೆಯಲ್ಲಿ ಧ್ವಜ ಹಾರಿಸಿ ಮಕ್ಕಳಿಗೆ ಇಷ್ಟನ್ನು ಹೇಳುತ್ತೇವೆ. ಆಮೇಲಿನದನ್ನು ಹೇಳುವುದಿಲ್ಲ. ರಜಾಕಾರರು ಕಾಲ್ತೆಗೆದ ಮೇಲೆ ಸೇಡು ಬಿದ್ದದ್ದು ಯಾವ ತಪ್ಪೂ ಮಾಡದ ಮುಸಲ್ಮಾನರ ಮೇಲೆ. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ.

ಆ ವಾರ ಅಜ್ಜ ಚಾಚಾನ ಮನೆಯವರನ್ನು ನಮ್ಮ ಖಾಲಿ ಹಗೇವಿಗೆ ಇಳಿಸಿದ. “ಇಲ್ಲೇ ಇರ್ರಿ ಭಯ್ಯಾ, ಯಾರ್ ಬಂದ್ರೂ ನಾ ಮಾತಾಡ್ತೀನಿ” ಅಂದನಂತೆ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ದೀಪ ಬಿಟ್ಟು ನೋಡದೆ ಇಳಿದವರು ಸತ್ತದ್ದುಂಟು. (ಪಾಠದಲ್ಲಿ ಈ ಉದಾಹರಣೆ ನಾನು ಬಿಟ್ಟಿಲ್ಲ.) ಅಜ್ಜ ವಿಜ್ಞಾನ ಓದಿದವನಲ್ಲ. ದೀಪ ಇಳಿಸಿ, ಅದು ಆರದ್ದನ್ನು ನೋಡಿ, ಬಾಯಿಗೆ ಬಂಡೆಯ ಬದಲು ಜೋಳದ ಸಪ್ಪೆ ಹೊದಿಸಿದ. ಬಾಗಿಲಿಗೆ ಬಂದವರು ಹೊರಗಿನವರಲ್ಲ, ಅವನೊಡನೆ ಗಸ್ತು ತಿರುಗಿದವರೇ. ಅವರಲ್ಲಿ ಇಬ್ಬರೊಡನೆ ಅಜ್ಜ ಸಾಯುವತನಕ ಮಾತಾಡಲಿಲ್ಲ.

ಕಮಲಾಪುರದಲ್ಲಿಳಿದು, ಇಲ್ಲಿಯ ಹೆಸರುವಾಸಿ ಕೆಂಪು ಬಾಳೆಹಣ್ಣು ಒಂದು ಡಜನ್ ಕೊಂಡೆ. ಹಗೇವಿನ ಬಾಯಿಗೆ ಈಗ ಸಿಮೆಂಟು ಬಿದ್ದಿದೆ. ಪಕ್ಕದ ಮನೆಗೆ ಅರ್ಧ ಹಣ್ಣು ಕೊಟ್ಟಾಗ, ಚಾಚಾನ ಮೊಮ್ಮಗ ಚಹಾ ಕುಡಿಸದೆ ಕಳಿಸಲಿಲ್ಲ.